ಸೇಬಿನ ರಸ ಅಮಲಾಗುವ ಮುನ್ನ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಇಂದು ಒಂದು ಫೋನ್ ಕರೆಯಿಂದ ಮಾತು ಆರಂಭಿಸುತ್ತೇವೆ. ನಾವು ಹಿಂದೆ ಸೇವೆಯಲ್ಲಿದ್ದ ಊರಿನ ಒಬ್ಬ ಹುಡುಗ ಈಗ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ನಮ್ಮ ಬಳಿಯೇ ಅಲಿಫ್ ಬಾ ಕಲಿತವನು. ಅವನ ಮತ್ತು ಅವನ ತಂದೆಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ, ನೀವು ಹುಡುಕಲೂ ಹೋಗಬೇಡಿ.

ಅವನ ಪ್ರಶ್ನೆ ಇಷ್ಟು: "ಉಸ್ತಾದರೇ, ನನ್ನ ಕೋಣೆಯ ಬೀದಿಯ ತುದಿಯಲ್ಲಿ ಸೈಡರ್ ಮಾಡುವ ಒಂದು ಚಿಕ್ಕ ಅಂಗಡಿ ಇದೆ. ಸೇಬಿನ ರಸದಿಂದ ಮಾಡುತ್ತಾರೆ. ಶುಕ್ರವಾರ ಮತ್ತು ಶನಿವಾರ ಸಂಜೆ ಕೆಲಸಕ್ಕೆ ಬಾ ಎಂದು ಕರೆದಿದ್ದಾರೆ. ನಾನು ಕುಡಿಯುವುದಿಲ್ಲ. ನಲ್ಲಿಯಿಂದ ಲೋಟಕ್ಕೆ ತುಂಬಿಸಿ ಕೊಡುವುದು, ಲೋಟ ತೊಳೆಯುವುದು ಅಷ್ಟೇ. ಹೋಗಬಹುದೇ?"

ಅಲ್ಲಿ ವಿದ್ಯಾರ್ಥಿ ವೀಸಾದಲ್ಲಿರುವವರು ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಕೋಣೆಯ ಬಾಡಿಗೆಯೇ ತಲೆನೋವು. ಊರಿನಲ್ಲಿ ತಂದೆ ಜಾಗದ ಪತ್ರ ಅಡವಿಟ್ಟು ಶುಲ್ಕ ಕಟ್ಟಿದ್ದಾರೆ. ಆದ್ದರಿಂದ ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ.

ಮೊದಲು ಸೈಡರ್ ಎಂದರೆ ಏನೆಂದು ತಿಳಿಯೋಣ. ತಿಳಿಯದೆ ತೀರ್ಪು ಹೇಳುವುದು ಸರಿಯಲ್ಲ.

ಇಂಗ್ಲೆಂಡಿನ ಪಶ್ಚಿಮ ಭಾಗದ ಸಾಮರ್‌ಸೆಟ್, ಹೆರಿಫರ್ಡ್‌ಶೈರ್ ಮುಂತಾದ ಜಿಲ್ಲೆಗಳು ಸೇಬಿನ ತೋಟಗಳಿಗೆ ಹೆಸರಾದವು. ಬ್ರಿಸ್ಟಲ್ ಇರುವುದು ಸಾಮರ್‌ಸೆಟ್‌ನ ಪಕ್ಕದಲ್ಲೇ. ಸೈಡರ್‌ಗಾಗಿ ಬೆಳೆಯುವ ಸೇಬುಗಳೇ ಬೇರೆ. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್ ಎಂಬ ಜಾತಿಗಳಿವೆ. ಕಚ್ಚಿದರೆ ಬಾಯಿ ಒಗರಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಹಣ್ಣುಗಳನ್ನು ಅರೆದು, ಹಿಟ್ಟಿನಂತಾದುದನ್ನು ಬಟ್ಟೆಯಲ್ಲಿ ಮಡಚಿ, ಒಂದರ ಮೇಲೊಂದು ಪೇರಿಸಿ ಒತ್ತಿ ರಸ ತೆಗೆಯುತ್ತಾರೆ. ಆ ಕ್ಷಣದಲ್ಲಿ ಅದು ಶುದ್ಧ ಹಣ್ಣಿನ ರಸ, ಮಗುವಿಗೂ ಕುಡಿಸಬಹುದು. ಅದನ್ನು ಪೀಪಾಯಿಯಲ್ಲಿ ತುಂಬಿಸಿಟ್ಟರೆ ಕೆಲವೇ ದಿನಗಳಲ್ಲಿ ನೊರೆ ಏಳುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಚಳಿಗಾಲವಿಡೀ ಹಾಗೇ ಬಿಟ್ಟರೆ ಸಾಮಾನ್ಯವಾಗಿ ಶೇಕಡಾ 4ರಿಂದ 8ರಷ್ಟು ಆಲ್ಕೋಹಾಲ್ ಇರುವ ಪಾನೀಯ ಸಿದ್ಧವಾಗುತ್ತದೆ. ಬಿಯರ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಮಲು.

ನಮ್ಮ ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. ಬೆಳಿಗ್ಗೆ ತೆಂಗಿನ ಮರದಿಂದ ಇಳಿಸಿದ ಸಿಹಿ ನೀರಾ ಹಾಗೇ ಇಟ್ಟರೆ ಸಂಜೆಗೆ ಕಳ್ಳಾಗುತ್ತದೆ. ಇನ್ನೂ ಕೆಲವು ವಾರ ಬಿಟ್ಟರೆ ಹುಳಿಯಾಗಿ ವಿನಿಗರ್ ಆಗುತ್ತದೆ. ಮರ ಒಂದೇ, ಮಡಕೆ ಒಂದೇ. ಹುಕುಮ್ ಮಾತ್ರ ಮೂರು ಹಂತಕ್ಕೆ ಮೂರು.

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಬರೀ ಸೈಡರ್ ಎಂದರೆ ಹೆಚ್ಚಾಗಿ ಹುಳಿಯದ, ಸೋಸದ ಸೇಬಿನ ರಸ. ಅಮಲಿನದಕ್ಕೆ ಅಲ್ಲಿ ಹಾರ್ಡ್ ಸೈಡರ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಅಮಲಿನ ಪಾನೀಯವೇ. ಅಮೆರಿಕದಲ್ಲಿ ಅಣ್ಣ ಕುಡಿದ ಎಂದು ಇಂಗ್ಲೆಂಡಿನಲ್ಲಿ ತಮ್ಮ ಕುಡಿದರೆ ಮೋಸ ಹೋಗುತ್ತಾನೆ. ಹೆಸರನ್ನು ನಂಬಬೇಡಿ, ಸೀಸೆಯ ಮೇಲೆ ಆಲ್ಕೋಹಾಲ್ ಶೇಕಡಾ ಎಷ್ಟೆಂದು ಬರೆದಿರುವುದನ್ನು ಓದಿ.

ಹಾಗೆಯೇ ಮನೆಗಳಲ್ಲಿ ತಾಯಂದಿರು ಕೇಳುವ ಪ್ರಶ್ನೆ: ಆ್ಯಪಲ್ ಸೈಡರ್ ವಿನಿಗರ್ ಹರಾಮೇ? ಅಲ್ಲ. ಅದು ಅಮಲಿನ ಹಂತವನ್ನು ದಾಟಿ ಹುಳಿಯಾಗಿ ಬದಲಾದ ವಸ್ತು. ಪ್ರವಾದಿ(ಸ)ರು ವಿನಿಗರನ್ನು ರೊಟ್ಟಿಯೊಂದಿಗೆ ತಿಂದು, ಒಳ್ಳೆಯ ಪದಾರ್ಥವೆಂದು ಹೊಗಳಿದ್ದನ್ನು ಜಾಬಿರ್(ರ)ರು ವರದಿ ಮಾಡಿದ್ದಾರೆ. ಮದ್ಯ ತಾನಾಗಿಯೇ ವಿನಿಗರ್ ಆದರೆ ಶುದ್ಧ ಎಂಬುದರಲ್ಲಿ ಹನಫಿ, ಶಾಫಿಈ ಎರಡೂ ಮಝ್‌ಹಬ್‌ಗಳು ಒಂದೇ ಅಭಿಪ್ರಾಯದಲ್ಲಿವೆ. ಏನನ್ನಾದರೂ ಬೆರೆಸಿ ಹಾಗೆ ಮಾಡಿದರೆ ಹನಫಿಗಳು ಒಪ್ಪುತ್ತಾರೆ, ಶಾಫಿಈಗಳು ಒಪ್ಪುವುದಿಲ್ಲ. ಸಂಶಯವಿದ್ದವರು ತಮ್ಮ ಮಝ್‌ಹಬ್‌ನ ವಿದ್ವಾಂಸರಲ್ಲಿ ಕೇಳಿಕೊಳ್ಳಿ. ಆದರೆ ಅದನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಈಗ ಹುಡುಗನ ಮಾತಿಗೆ ಬರೋಣ. ಅವನು ಇಂಟರ್‌ನೆಟ್‌ನಲ್ಲಿ ಎಲ್ಲೋ ಓದಿದ್ದನಂತೆ: ಕುರ್‌ಆನ್ ನಿಷೇಧಿಸಿದ್ದು ದ್ರಾಕ್ಷಿಯ ಮದ್ಯವನ್ನು, ಸೇಬಿನದನ್ನಲ್ಲ ಎಂದು. ಅಲ್ಲದೆ ಆ ಅಂಗಡಿ ದೊಡ್ಡ ಕಂಪೆನಿಯಲ್ಲ. ಗಂಡ ಹೆಂಡತಿ ಇಬ್ಬರು ಮತ್ತು ಒಬ್ಬ ಗೆಳೆಯ ಸೇರಿ ನಡೆಸುವುದು. ಸೇಬು ಹತ್ತಿರದ ತೋಟದ್ದು. ರಾಸಾಯನಿಕ ಇಲ್ಲ, ಗದ್ದಲ ಇಲ್ಲ, ಜಗಳ ಇಲ್ಲ. ನಾಯಿ ಕರೆದುಕೊಂಡು ಬರುವ ಮುದುಕರು, ಮಗುವಿನ ಗಾಡಿ ತಳ್ಳಿಕೊಂಡು ಬರುವ ತಾಯಂದಿರು ಬಂದು ಕೂರುತ್ತಾರೆ. "ಅದು ಬಾರ್‌ನಂತೆ ಇಲ್ಲವೇ ಇಲ್ಲ ಉಸ್ತಾದ್" ಎಂದ.

ಸಹೋದರರೇ, ಇಂದಿನ ಮದ್ಯ ಹೀಗೆಯೇ ಬರುತ್ತದೆ. ಚಿಕ್ಕದು, ಹತ್ತಿರದ್ದು, ಹಣ್ಣಿನದ್ದು, ಕೈಯಿಂದ ಮಾಡಿದ್ದು ಎಂಬ ಒಳ್ಳೆಯ ಬಟ್ಟೆ ತೊಟ್ಟು ಬರುತ್ತದೆ. ಬೆಂಗಳೂರಿನಲ್ಲಿಯೂ ಅಲ್ಲಲ್ಲೇ ಬಿಯರ್ ಮಾಡಿ ಬಡಿಸುವ ಅಂಗಡಿಗಳಿವೆ. ನಮ್ಮ ಮಕ್ಕಳ ಆಫೀಸಿನ ಶುಕ್ರವಾರದ ಪಾರ್ಟಿಗಳು ಅಲ್ಲೇ ನಡೆಯುತ್ತವೆ.

ಆದರೆ ಮದೀನಾದ ಮದ್ಯ ಯಾವ ರೀತಿಯದ್ದಾಗಿತ್ತು ಎಂದು ಯೋಚಿಸಿದ್ದೇವೆಯೇ? ಅಲ್ಲೇನು ಕಾರ್ಖಾನೆ ಇತ್ತೇ? ಅಬೂ ತಲ್‌ಹಾ(ರ)ರ ಮನೆಯಲ್ಲಿ ಗೆಳೆಯರು ಕುಳಿತಿದ್ದರು. ಅಬೂ ಉಬೈದಾ(ರ), ಉಬಯ್ಯ್ ಬಿನ್ ಕಅಬ್(ರ) ಅವರಂಥ ಉತ್ತಮರು ಅಲ್ಲಿದ್ದರು. ಕುಡಿಯುತ್ತಿದ್ದುದು ತಮ್ಮದೇ ಊರಿನ ಖರ್ಜೂರದಿಂದ ಮಾಡಿದ ಫಳೀಖ್ ಎಂಬ ಪಾನೀಯ. ಬಡಿಸುತ್ತಿದ್ದವರು ಹದಿಹರೆಯದ ಅನಸ್(ರ). ಅದೂ ಚಿಕ್ಕದೇ, ಮನೆಯದೇ, ಹಣ್ಣಿನದೇ. ಮದ್ಯ ನಿಷೇಧವಾಯಿತೆಂದು ಹೊರಗೆ ಕೂಗು ಕೇಳಿಸಿತು. ಅಬೂ ತಲ್‌ಹಾ(ರ)ರು ಅನಸ್(ರ)ರಿಗೆ ಎದ್ದು ಚೆಲ್ಲಲು ಹೇಳಿದರು. ಕೈಯಲ್ಲಿರುವುದನ್ನು ಮುಗಿಸೋಣ ಎಂದು ಒಬ್ಬರೂ ಹೇಳಲಿಲ್ಲ. ಸುದ್ದಿ ನಿಜವೇ ಎಂದು ವಿಚಾರಿಸಲೂ ಇಲ್ಲ. ಅಂದು ಮದೀನಾದ ಓಣಿಗಳಲ್ಲಿ ಮದ್ಯ ಹರಿಯಿತು. ಹಾಗೆ ಹರಿದದ್ದರಲ್ಲಿ ಹೆಚ್ಚಿನದು ದ್ರಾಕ್ಷಿಯದ್ದಲ್ಲ, ಖರ್ಜೂರದ್ದು ಎಂಬುದನ್ನು ನೆನಪಿಡಿ.

ಮುಂದೆ ಉಮರ್(ರ)ರು ಮಿಂಬರ್ ಮೇಲೆ ನಿಂತು ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂಬ ಐದನ್ನು ಹೆಸರಿಸಿ, ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ವಿವರಿಸಿದರು. ಯಮನ್‌ನ ಜೇನಿನ ಪಾನೀಯದ ಬಗ್ಗೆ ಕೇಳಿದಾಗ ಪ್ರವಾದಿ(ಸ)ರು ಹೆಸರಿನ ಲೆಕ್ಕ ನೋಡಲಿಲ್ಲ, ಅಮಲೇರಿಸುವ ಪ್ರತಿಯೊಂದು ಪಾನೀಯವೂ ನಿಷಿದ್ಧ ಎಂದರು. ಹೆಚ್ಚು ಕುಡಿದರೆ ಅಮಲೇರಿಸುವಂಥದ್ದು ಸ್ವಲ್ಪ ಕುಡಿದರೂ ನಿಷಿದ್ಧ ಎಂದೂ ಕಲಿಸಿದರು. ಹಿಂದೆ ಕೆಲವು ಹನಫಿ ವಿದ್ವಾಂಸರ ನಡುವೆ ದ್ರಾಕ್ಷಿ, ಖರ್ಜೂರವಲ್ಲದ ಪಾನೀಯಗಳ ಕುರಿತು ಚರ್ಚೆ ಇದ್ದದ್ದು ನಿಜ. ಹುಡುಗ ಓದಿದ್ದು ಅದರ ಬಾಲವನ್ನು. ಆದರೆ ಹನಫಿ ಮಝ್‌ಹಬ್‌ನಲ್ಲಿಯೇ ಫತ್ವಾ ನೆಲೆನಿಂತದ್ದು ಇಮಾಮ್ ಮುಹಮ್ಮದ್(ರಹ)ರ ಮಾತಿನ ಮೇಲೆ: ಯಾವುದರಿಂದ ಮಾಡಿದ್ದಾದರೂ ಸರಿ, ಅಮಲಿನದ್ದು ಸ್ವಲ್ಪವೂ ಬೇಡ, ಹೆಚ್ಚೂ ಬೇಡ.

ಇಸ್ಲಾಮ್ ಹಣ್ಣಿನ ರಸದ ವೈರಿಯಲ್ಲ. ಆಯಿಷಾ(ರ)ರು ಬೆಳಿಗ್ಗೆ ಖರ್ಜೂರ ನೆನೆಸಿಟ್ಟದ್ದನ್ನು ಪ್ರವಾದಿ(ಸ)ರು ರಾತ್ರಿ ಕುಡಿಯುತ್ತಿದ್ದರು, ರಾತ್ರಿ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರು. ಇಬ್ನು ಅಬ್ಬಾಸ್(ರ)ರ ವರದಿಯಲ್ಲಿ ಮೂರನೆಯ ದಿನದ ಸಂಜೆಯವರೆಗಿನ ಗಡುವು ಕಾಣುತ್ತದೆ. ಅನಂತರ ಉಳಿದದ್ದನ್ನು ಅವರು ಕುಡಿಯುತ್ತಿರಲಿಲ್ಲ. ಅಂದರೆ ಸಿಹಿಯನ್ನು ಸವಿಯಿರಿ, ಆದರೆ ಅದು ಬದಲಾಗುವ ಮುನ್ನ ಕೈ ತೆಗೆಯಿರಿ. ಇದು ರಸಕ್ಕೆ ಮಾತ್ರವಲ್ಲ, ಬದುಕಿನ ಬಹಳಷ್ಟು ವಿಷಯಗಳಿಗೆ ಅನ್ವಯ.

ಕುಡಿಯದೆ ಬಡಿಸುವ ಕೆಲಸದ ವಿಷಯ? ಮದ್ಯದ ಸಂಬಂಧದಲ್ಲಿ ಹತ್ತು ಮಂದಿಯ ಮೇಲೆ ಶಾಪವಿದೆ ಎಂದು ಹದೀಸ್‌ನಲ್ಲಿ ಬಂದಿದೆ. ಅದರಲ್ಲಿ ಕುಡಿಯುವವನು ಒಬ್ಬ ಮಾತ್ರ. ಹಿಂಡುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಬೆಲೆಯನ್ನು ಉಣ್ಣುವವನು ಎಲ್ಲರೂ ಇದ್ದಾರೆ. ನಮ್ಮೂರಿನ ಕಟ್ಟಡದ ಮಾಲಕರು ಈ ಪಟ್ಟಿಯನ್ನು ಒಮ್ಮೆ ಓದಲಿ. ಹುಡುಗನಿಗೆ ಬೇಡ ಎನ್ನುವ ನಾವು, ಹೆಚ್ಚು ಬಾಡಿಗೆ ಬರುತ್ತದೆಂದು ಅಂಗಡಿ ಕೋಣೆಯನ್ನು ಯಾವುದಕ್ಕೆ ಕೊಟ್ಟಿದ್ದೇವೆ?

ಮದ್ಯ ಮತ್ತು ಕೂಲಿಯ ಸಂಬಂಧಕ್ಕೆ ಆ ಸೇಬಿನ ನಾಡಿನದ್ದೇ ಒಂದು ಇತಿಹಾಸವಿದೆ. ಅಲ್ಲಿ ಹೊಲದ ಕೂಲಿಗಳಿಗೆ ಸಂಬಳದ ಒಂದು ಭಾಗವನ್ನು ಸೈಡರ್ ರೂಪದಲ್ಲೇ ಕೊಡುವ ಪದ್ಧತಿ ಬಹಳ ಕಾಲ ಇತ್ತು. ಬೆವರು ಸುರಿಸಿದವನು ಮನೆಗೆ ಕಾಸಿನ ಬದಲು ಅಮಲು ಕೊಂಡೊಯ್ಯುತ್ತಿದ್ದ. ಕೊನೆಗೆ 1887ರಲ್ಲಿ ಅವರದೇ ಪಾರ್ಲಿಮೆಂಟ್ ಟ್ರಕ್ ಕಾಯ್ದೆಯ ಮೂಲಕ ಸಂಬಳವಾಗಿ ಮದ್ಯ ಕೊಡುವುದನ್ನು ನಿಷೇಧಿಸಿತು. ಪಾನೀಯವನ್ನು ಪ್ರೀತಿಸುವ ದೇಶವೇ ಹೆಂಡತಿ ಮಕ್ಕಳ ಅನ್ನದ ಬಳಿ ಅದನ್ನು ತಡೆದು ನಿಲ್ಲಿಸಬೇಕಾಯಿತು. ಮದ್ಯದಲ್ಲಿ ಸ್ವಲ್ಪ ಲಾಭವಿದ್ದರೂ ಅದರ ಪಾಪ ಲಾಭಕ್ಕಿಂತ ದೊಡ್ಡದು ಎಂದು ಸೂರಃ ಅಲ್ ಬಕರದಲ್ಲಿ ಅಲ್ಲಾಹನು ತಿಳಿಸಿದ್ದರ ಅರ್ಥ ಇಂಥಲ್ಲಿ ಕಾಣುತ್ತದೆ. ಲಾಭ ಇಲ್ಲವೇ ಇಲ್ಲ ಎಂದು ಅಲ್ಲಾಹನು ಹೇಳಲಿಲ್ಲ. ಲೆಕ್ಕ ಹಾಕಲು ಹೇಳಿದನು.

ಸಹೋದರರೇ, ಇಷ್ಟರವರೆಗೆ ಹೇಳಿದ್ದು ಹುಕುಮ್. ಇದರಲ್ಲಿ ಗೊಂದಲವಿಲ್ಲ. ಇನ್ನು ಹೇಳಬೇಕಾದದ್ದು ನಮ್ಮ ತಪ್ಪು.

ಅಂದು ಫೋನ್‌ನಲ್ಲಿ ನಾವು ಹುಡುಗನಿಗೆ ಉತ್ತರಿಸಿದ್ದು ಎರಡೇ ನಿಮಿಷ. ಹರಾಮ್ ಎಂದೆವು, ಹತ್ತು ಮಂದಿಯ ಹದೀಸ್ ಹೇಳಿದೆವು, ಇಂಥ ಪ್ರಶ್ನೆ ಕೇಳಲು ನಾಚಿಕೆಯಾಗುವುದಿಲ್ಲವೇ ಎಂದೂ ಸೇರಿಸಿದೆವು. ಆಮೇಲೆ ಅವನ ತಂದೆಗೂ ತಿಳಿಸಿದೆವು. ತಂದೆ ಸಿಟ್ಟಿನಲ್ಲಿ, ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಮನೆಗೆ ಫೋನ್ ಮಾಡಬೇಡ ಎಂದರು. ಹುಡುಗ ಮಾತು ಕೇಳಿದ. ಕೆಲಸಕ್ಕೆ ಹೋಗಲಿಲ್ಲ. ಆದರೆ ಫೋನ್ ಮಾಡುವುದನ್ನೂ ನಿಲ್ಲಿಸಿದ. ಎರಡು ತಿಂಗಳು ಅವನಿಂದ ತಾಯಿಗೆ ಬರೀ ಸಲಾಮಿನ ಸಂದೇಶ ಮಾತ್ರ ಬರುತ್ತಿತ್ತು.

ಕೊನೆಗೆ ಆ ತಾಯಿ ಯಾರ ಮೂಲಕವೋ ನಮಗೆ ಹೇಳಿ ಕಳುಹಿಸಿದರು: "ಉಸ್ತಾದರು ಹುಕುಮ್ ಹೇಳಿದರು, ಸರಿ. ನನ್ನ ಮಗ ಅಲ್ಲಿ ಊಟ ಮಾಡುತ್ತಿದ್ದಾನೋ ಎಂದು ಕೇಳಿದರೇ?"

ನಾವು ಕೇಳಿರಲಿಲ್ಲ.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಚಳಿಗಾಲದಲ್ಲಿ ಬ್ರಿಸ್ಟಲ್‌ನ ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ. ಅವನ ರಾತ್ರಿ ಒಂಬತ್ತು ಗಂಟೆ ಎಂದರೆ ನಮ್ಮ ಎರಡೂವರೆ. ನಾವೇ ಎಚ್ಚರವಿದ್ದು ಫೋನ್ ಮಾಡಿ, ಮೊದಲು ಕ್ಷಮೆ ಕೇಳಿದೆವು. ಆಮೇಲೆ ಊಟ ಆಯಿತೇ ಎಂದು ಕೇಳಿದೆವು. ಬಹಳ ಹೊತ್ತು ಅವನು ಮಾತಾಡಲಿಲ್ಲ. ಅನಂತರ ಹೇಳಿದ.

ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ. ಕೋಣೆಯಲ್ಲಿ ಅವನೊಬ್ಬನೇ. ಕಾಲೇಜಿನಿಂದ ಬರುವಾಗ ಬೀದಿಯ ತುದಿಯಲ್ಲಿ ಬೆಳಕಿರುವ ಜಾಗ ಅದೊಂದೇ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ ನೆರೆಹೊರೆಯವರು ತಮ್ಮ ತಮ್ಮ ಹಿತ್ತಿಲಿನ ಸೇಬನ್ನು ಚೀಲಗಳಲ್ಲಿ ತಂದು ಅಲ್ಲಿ ಹಿಂಡಿಸಿಕೊಂಡು ತಾಜಾ ರಸ ಒಯ್ಯುತ್ತಿದ್ದರು. ಇವನು ನಿಂತು ನೋಡಿದ. ಒಬ್ಬ ಮುದುಕ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ, ಹೆಸರು ಕೇಳಿದ, ಆಗ ತಾನೇ ಹಿಂಡಿದ ಒಂದು ಲೋಟ ರಸ ಕೊಟ್ಟ. ಮರುವಾರ ಹಾದು ಹೋಗುವಾಗ ಹೆಸರು ಹಿಡಿದು ಕರೆದ. "ಉಸ್ತಾದ್, ಆ ದೇಶದಲ್ಲಿ ನನ್ನನ್ನು ಹೆಸರು ಹಿಡಿದು ಕರೆದ ಮೊದಲ ಮನುಷ್ಯ ಅವನು. ನನಗೆ ದುಡ್ಡು ಬೇಕಿತ್ತು ನಿಜ. ಆದರೆ ನನಗೆ ಆ ಬೆಂಚು ಹೆಚ್ಚು ಬೇಕಿತ್ತು."

ಆ ನಗರದಲ್ಲಿ ಮಸೀದಿಗಳಿವೆ. ಹುಡುಗ ಪ್ರತಿ ಜುಮಾಕ್ಕೂ ಹೋಗುತ್ತಾನೆ. ನಮಾಝ್ ಮುಗಿದ ಕೂಡಲೇ ಎಲ್ಲರೂ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಓಡುತ್ತಾರೆ. ಮೂರು ತಿಂಗಳಲ್ಲಿ ಯಾರೂ ಅವನ ಹೆಸರು ಕೇಳಿರಲಿಲ್ಲ. ಅಲ್ಲಿಯವರನ್ನು ದೂರಬೇಡಿ. ನಮ್ಮ ಮಸೀದಿಯ ಹಿಂದಿನ ಸಫ್‌ನಲ್ಲಿ ಬಿಹಾರದಿಂದ, ಅಸ್ಸಾಮಿನಿಂದ ಬಂದ ಕೂಲಿ ಕೆಲಸದ ಹುಡುಗರು ಇದ್ದಾರೆ. ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಅವರ ಸಂಜೆ ಎಲ್ಲಿ ಕಳೆಯುತ್ತದೆ ಎಂದು ಗೊತ್ತೇ?

ಮದ್ಯ ಮತ್ತು ಜೂಜಿನ ಮೂಲಕ ನಿಮ್ಮ ನಡುವೆ ವೈರ, ದ್ವೇಷ ಬಿತ್ತಲು ಶೈತಾನನು ಬಯಸುತ್ತಾನೆ ಎಂದು ಸೂರಃ ಅಲ್ ಮಾಇದದಲ್ಲಿ ಎಚ್ಚರಿಕೆ ಬಂದಿದೆ. ನಾವು ಯೋಚಿಸಿದೆವು: ಹುಡುಗ ಒಂದು ತೊಟ್ಟು ಕುಡಿಯಲಿಲ್ಲ, ಒಂದು ಲೋಟ ಬಡಿಸಲಿಲ್ಲ. ಆದರೂ ತಂದೆ ಮತ್ತು ಮಗನ ನಡುವೆ ಎರಡು ತಿಂಗಳ ಮೌನ ಬಿತ್ತು. ಅದನ್ನು ಬಿತ್ತಿದ್ದು ಮದ್ಯವಲ್ಲ, ನಮ್ಮ ನಾಲಗೆ.

ಪ್ರವಾದಿ(ಸ)ರ ಕಾಲದಲ್ಲಿ ಅಬ್ದುಲ್ಲಾ ಎಂಬ ಒಬ್ಬರು ಕುಡಿತದ ಕಾರಣಕ್ಕೆ ಮತ್ತೆ ಮತ್ತೆ ಶಿಕ್ಷೆಗೆ ಗುರಿಯಾಗುತ್ತಿದ್ದರು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಅವರಲ್ಲಿ ಅಲ್ಲಾಹ್ ಮತ್ತು ಅವನ ರಸೂಲರ ಮೇಲಿನ ಪ್ರೀತಿ ಇದೆ ಎಂದು ಸಾಕ್ಷಿ ನುಡಿದರು. ಕುಡಿದು ಸಿಕ್ಕಿಬಿದ್ದವನ ವಿಷಯದಲ್ಲಿಯೂ, ಶೈತಾನನಿಗೆ ನೆರವಾಗುವ ಮಾತು ಬೇಡವೆಂದು ಕಲಿಸಿದರು. ಶಿಕ್ಷೆ ರದ್ದಾಗಲಿಲ್ಲ, ಹರಾಮ್ ಹಲಾಲ್ ಆಗಲಿಲ್ಲ. ಆದರೆ ಆ ಮನುಷ್ಯನಿಗೆ ಮಸೀದಿಯ ಬಾಗಿಲು ಮುಚ್ಚಲಿಲ್ಲ. ಕುಡಿದವನಿಗೇ ಅಷ್ಟು ಕರುಣೆಯಾದರೆ, ಕುಡಿಯುವ ಮುನ್ನ ಫೋನ್ ಮಾಡಿ ಕೇಳಿದವನಿಗೆ ಎಷ್ಟಿರಬೇಕಿತ್ತು!

ಈಗ ಹುಡುಗ ಹೇಗಿದ್ದಾನೆ ಎಂದು ನೀವು ಕೇಳಬಹುದು. ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದಾನೆ. ತಂದೆಯೇ ಫೋನ್ ಮಾಡಿದರು. ಅವನು ಆ ಅಂಗಡಿಯವರ ಬಳಿ ಹೋಗಿ, ನನ್ನ ಧರ್ಮದಲ್ಲಿ ಇದನ್ನು ಬಡಿಸುವುದಕ್ಕೂ ಅನುಮತಿ ಇಲ್ಲ, ಕರೆದದ್ದಕ್ಕೆ ಧನ್ಯವಾದ ಎಂದು ವಿನಯದಿಂದ ಹೇಳಿದ. ಅವರು ಬೇಸರಿಸಲಿಲ್ಲ. ಉಳಿದಿದ್ದ ತಿನ್ನುವ ಸೇಬಿನ ಒಂದು ಚೀಲ ಕೊಟ್ಟು ಕಳುಹಿಸಿದರು. ನೆರೆಯವರು ಅನ್ಯಧರ್ಮೀಯರಾದರೂ ನೆರೆಯವರೇ. ಅವರ ಪಾನೀಯವನ್ನು ನಾವು ನಿರಾಕರಿಸಬೇಕು, ಅವರ ಒಳ್ಳೆಯತನವನ್ನಲ್ಲ. ಈಗ ಅವನು ವಾರದ ಕೊನೆಯಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡುತ್ತಾನೆ. ಸಂಬಳ ಸ್ವಲ್ಪ ಕಡಿಮೆ. ಶುಕ್ರವಾರ ರಾತ್ರಿ ಕನ್ನಡ ಮತ್ತು ಬ್ಯಾರಿ ಮಾತಾಡುವ ನಾಲ್ಕು ಹುಡುಗರು ಸೇರಿ ಅವನ ಕೋಣೆಯಲ್ಲಿ ಗಂಜಿಯೋ ತುಪ್ಪದನ್ನವೋ ಮಾಡುತ್ತಾರೆ. ಕಳೆದ ವಾರ ಆ ಮುದುಕನನ್ನೂ ಊಟಕ್ಕೆ ಕರೆದಿದ್ದನಂತೆ.

ಆದ್ದರಿಂದ ನಮಗೂ ನಿಮಗೂ ಮೂರು ಮಾತು ಹೇಳಿ ಮುಗಿಸುತ್ತೇವೆ.

ಒಂದು: ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ಮುನ್ನ ಸೀಸೆಯ ಮೇಲಿನ ಬರಹ ಓದಲು ಕಲಿಸಿ. ಯಾವ ಕೆಲಸ ಹಲಾಲ್, ಯಾವುದು ಅಲ್ಲ ಎಂದು ಮನೆಯಲ್ಲೇ ಮಾತಾಡಿ. ಹಾಗೆಯೇ, ತಪ್ಪು ಮಾಡಿದರೂ ಫೋನ್ ಮಾಡು ಎಂದು ಹೇಳಿ ಕಳುಹಿಸಿ.

ಎರಡು: ಮಗ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಮುನ್ನ ಊಟ ಆಯಿತೇ ಎಂದು ಕೇಳಿ. ಹುಕುಮ್ ಬದಲಾಗುವುದಿಲ್ಲ. ಆದರೆ ಅದನ್ನು ಕೇಳುವ ಕಿವಿ ತೆರೆದಿರುತ್ತದೆ.

ಮೂರು: ನಮ್ಮ ಮಸೀದಿಯ ಅಂಗಳದಲ್ಲಿ ಒಂದು ಬೆಂಚು ಹಾಕಲು ಜಮಾಅತ್ ಕಮಿಟಿಯನ್ನು ಕೇಳಿದ್ದೇವೆ. ಮಗ್ರಿಬ್‌ನಿಂದ ಇಶಾದವರೆಗೆ ಅಲ್ಲಿ ಚಹಾ ಇರುತ್ತದೆ. ನಾವೂ ಕೂರುತ್ತೇವೆ. ಉಪದೇಶ ಇರುವುದಿಲ್ಲ. ಬಂದವರ ಹೆಸರು ಕೇಳುವುದು, ಮರುದಿನ ಆ ಹೆಸರು ಹಿಡಿದು ಕರೆಯುವುದು, ಅಷ್ಟೇ ಕೆಲಸ. ನಿಮ್ಮಲ್ಲಿ ಹಿರಿಯರಾದವರು ಬಂದು ಸರಿದು ಜಾಗ ಕೊಡಿ. ಹಣ್ಣಿನ ರಸ ಇಟ್ಟಲ್ಲೇ ಹಾಗೇ ಬಿಟ್ಟರೆ ಹುಳಿಯಾಗುತ್ತದೆ. ಯೌವನವೂ ಯಾರೂ ವಿಚಾರಿಸದೆ ಬಿಟ್ಟರೆ ಹಾಗೆಯೇ.

ಅಲ್ಲಾಹನೇ, ನಮ್ಮ ಮಕ್ಕಳನ್ನು ಅವರು ಎಲ್ಲಿದ್ದರೂ ಹರಾಮ್‌ನಿಂದ ಕಾಪಾಡು. ಅವರ ದುಡಿಮೆಯಲ್ಲಿ ಬರಕತ್ ಕೊಡು. ಒಂಟಿಯಾಗಿರುವವರಿಗೆ ಒಳ್ಳೆಯ ಸಂಗ ಕೊಡು. ನಮ್ಮ ನಾಲಗೆಯಿಂದ ಯಾರೂ ನಿನ್ನ ಮನೆಯಿಂದ ದೂರವಾಗದಂತೆ ನಮ್ಮನ್ನು ಕಾಪಾಡು. ಆಮೀನ್.